ಕಡಿಮೆ ಬೆಲೆಯ ಕಾರು: ಬಾಳಿಕೆಯನ್ನೂ ವಾರಂಟಿಯನ್ನೂ ನಂಬಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಬಾರಿಗೆ ಕಾರು ಕೊಳ್ಳಲು ಹೊರಟ ಮನೆಯಲ್ಲಿ ಬಣ್ಣ, ಬೆಲೆ, ಸಾಲದ ಕಂತುಗಳ ಮಾತೆಲ್ಲ ಮುಗಿದ ಮೇಲೆ ಹಿರಿಯರೊಬ್ಬರು ಕೇಳಿಯೇ ಕೇಳುವ ಪ್ರಶ್ನೆಯೊಂದಿದೆ: “ಇಷ್ಟು ಕಡಿಮೆಗೆ ಕೊಡುತ್ತಿದ್ದಾರಲ್ಲ, ನಾಳೆ ಕೆಟ್ಟು ನಿಂತರೆ ಕೇಳುವವರು ಯಾರಿದ್ದಾರೆ?” ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅಗ್ಗದ ಕಾರುಗಳ ಹೆಸರಾಗಿ 2014ರಲ್ಲಿ ಭಾರತಕ್ಕೆ ಬಂದ ಡ್ಯಾಟ್ಸನ್, 2022ರಲ್ಲಿ ಮಾರುಕಟ್ಟೆಯಿಂದಲೇ ಮರೆಯಾಯಿತು. ಅದರ ಜೊತೆಗಾರನಂತಿದ್ದ ರೆನೋ ಕ್ವಿಡ್ ಇಂದಿಗೂ ಮಾರಾಟದಲ್ಲಿದೆ. ಕೆಳಗಿನ ಉತ್ತರಗಳು ಹೆಚ್ಚಾಗಿ ಈ ಎರಡು ಹೆಸರುಗಳ ಅನುಭವವನ್ನು ಮುಂದಿಟ್ಟುಕೊಂಡು ಬರೆದವು.

ಬೆಲೆ ಕಡಿಮೆ ಎಂದರೆ ಬಾಳಿಕೆಯೂ ಕಡಿಮೆ ಎಂದೇ ಅರ್ಥವೇ?

ಹಾಗೇನೂ ಇಲ್ಲ. ತಯಾರಕರು ಹಣವನ್ನು ಎಲ್ಲಿ ಉಳಿಸಿದ್ದಾರೆ ಎಂಬುದನ್ನು ನೋಡಿ ಇದಕ್ಕೆ ಉತ್ತರ ಹೇಳಬೇಕು. 2015ರ ಸೆಪ್ಟೆಂಬರ್‌ನಲ್ಲಿ ಕ್ವಿಡ್ 2.57 ಲಕ್ಷ ರೂಪಾಯಿಯ ಆರಂಭಿಕ ಎಕ್ಸ್-ಶೋರೂಂ (ನೋಂದಣಿ, ವಿಮೆ ಸೇರದ) ಬೆಲೆಗೆ ಬಂದಾಗ ಅದರ ಚಕ್ರಗಳಿಗೆ ತಲಾ ಮೂರೇ ನಟ್‌ಗಳಿದ್ದವು, ಮುಂದಿನ ಗಾಜಿಗೆ ಒಂದೇ ವೈಪರ್ ಇತ್ತು. ನೋಡಿದವರಿಗೆ ಇದು ಜಿಪುಣತನವಾಗಿ ಕಂಡರೂ ಹಗುರವಾದ ಕಾರಿಗೆ ಅಷ್ಟು ಸಾಕೆಂದು ಲೆಕ್ಕ ಹಾಕಿಯೇ ಹಾಗೆ ಮಾಡಿರುತ್ತಾರೆ. ಇಂಥ ಉಳಿತಾಯದಿಂದ ಬಾಳಿಕೆಗೆ ಧಕ್ಕೆಯಿಲ್ಲ. ಭಾಗಗಳು ಕಡಿಮೆಯಿದ್ದಷ್ಟೂ ಕೆಡುವ ಅವಕಾಶಗಳೂ ಕಡಿಮೆ. 1983ರಿಂದ 2014ರವರೆಗೆ ತಯಾರಾದ 796 ಸಿಸಿಯ ಮಾರುತಿ 800 ಕಾರು ಎಷ್ಟೋ ಮನೆಗಳಲ್ಲಿ ತಂದೆಯಿಂದ ಮಗನಿಗೆ ಬಂದಿದ್ದರೆ ಅದಕ್ಕೆ ಮುಖ್ಯ ಕಾರಣ ಅದರ ಸರಳತೆಯೇ.

ಇನ್ನೊಂದು ಬಗೆಯ ಉಳಿತಾಯ ಶೋರೂಮಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಬಾಗಿಲಿನ ಅಂಚಿನ ರಬ್ಬರು, ಸಸ್ಪೆನ್ಶನ್‌ನ ಬುಷ್‌ಗಳು, ಎಂಜಿನ್ ಮೌಂಟ್, ಕಿಟಕಿಯ ಗಾಜು ಏರಿಸುವ ಯಂತ್ರ, ಡ್ಯಾಶ್‌ಬೋರ್ಡಿನ ಕ್ಲಿಪ್ಪುಗಳು ಇವೆಲ್ಲ ಮೊದಲ ಎರಡು ವರ್ಷ ಚೆನ್ನಾಗಿಯೇ ಇದ್ದು, ಮೂರು-ನಾಲ್ಕನೆಯ ವರ್ಷ ಒಂದೊಂದಾಗಿ ಸದ್ದು ಮಾಡತೊಡಗುತ್ತವೆ. ಎಂಜಿನ್ ಗಟ್ಟಿಯಾಗಿದ್ದರೂ ಈ ಸಣ್ಣಪುಟ್ಟ ಖರ್ಚುಗಳು ಕೈ ಕಚ್ಚುತ್ತವೆ. ಆದ್ದರಿಂದ ಟೆಸ್ಟ್ ಡ್ರೈವ್‌ಗೆ ಹೊಸ ಕಾರನ್ನು ಓಡಿಸಿದ್ದು ಸಾಲದು. ಅದೇ ಮಾದರಿಯ ನಾಲ್ಕು ವರ್ಷ ಹಳೆಯ ಕಾರಿನಲ್ಲಿ, ಕಿಟಕಿಗಳನ್ನು ಮುಚ್ಚಿ, ಹದಗೆಟ್ಟ ರಸ್ತೆಯೊಂದರಲ್ಲಿ ಹತ್ತು ನಿಮಿಷ ಕುಳಿತು ಬನ್ನಿ.

ಸುರಕ್ಷತೆಯ ಪ್ರಶ್ನೆ ಬೇರೆಯದೇ ಆಗಿದ್ದು, ಅದನ್ನು ಬಾಳಿಕೆಯೊಂದಿಗೆ ಬೆರೆಸಬಾರದು. ಕಾರುಗಳ ಸುರಕ್ಷತೆಯನ್ನು ಅಳೆದು ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಡೆಸಿದ ಡಿಕ್ಕಿ ಪರೀಕ್ಷೆಗಳಲ್ಲಿ 2014ರಲ್ಲಿ ಡ್ಯಾಟ್ಸನ್ ಗೋ ಮತ್ತು 2016ರಲ್ಲಿ ಅಂದಿನ ಕ್ವಿಡ್ ಎರಡೂ ವಯಸ್ಕ ಪ್ರಯಾಣಿಕರ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್ ಪಡೆದಿದ್ದವು. ಹತ್ತು ವರ್ಷ ಕೆಡದೆ ಓಡುವ ಕಾರು ಅಪಘಾತದಲ್ಲಿ ಜೀವ ಉಳಿಸದೆ ಹೋಗಬಹುದು. ಯಾವ ವಾರಂಟಿಯೂ ಅದನ್ನು ತುಂಬಿಕೊಡುವುದಿಲ್ಲ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಜಾರಿಯಲ್ಲಿದೆ. ಕೊಳ್ಳುವ ಮಾದರಿಗೆ ಅದರ ಫಲಿತಾಂಶವಿದೆಯೇ ಎಂದು ನೋಡದೆ ಮುಂಗಡ ಕೊಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಯಾವ ಕಾರು ಎಷ್ಟು ಕೆಡುತ್ತದೆ ಎಂಬ ನಂಬಲರ್ಹ ಅಂಕಿ-ಅಂಶ ಎಲ್ಲಿ ಸಿಗುತ್ತದೆ?

ಜರ್ಮನಿಯಲ್ಲಿ ಕಡ್ಡಾಯ ತಪಾಸಣೆಯ ಆಧಾರದ ಮೇಲೆ ಯಾವ ಮಾದರಿಯಲ್ಲಿ ಎಷ್ಟು ದೋಷ ಕಂಡವೆಂಬ ವರದಿ ಪ್ರತಿವರ್ಷ ಹೊರಬೀಳುತ್ತದೆ. ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಪ್ರತಿ ಕಾರನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಲಾಗುತ್ತದೆ, ಆ ಮಾಹಿತಿ ಸಾರ್ವಜನಿಕರಿಗೆ ತೆರೆದಿರುತ್ತದೆ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಗಳ ತನಕ ನಡೆಯುವುದರಿಂದ ನಡುವೆ ಅಂಥ ತಪಾಸಣೆಯೂ ಇಲ್ಲ, ಅದರಿಂದ ಹುಟ್ಟುವ ಲೆಕ್ಕವೂ ಇಲ್ಲ. ಹೀಗಾಗಿ ಊರಿನ ಹಳೆಯ ಮೆಕ್ಯಾನಿಕ್‌ಗಳು ಮತ್ತು ನಾಲ್ಕಾರು ವರ್ಷ ಓಡಿಸಿದ ಮಾಲೀಕರೇ ನಮಗೆ ಆಧಾರ. ಕೊಂಡು ಆರು ತಿಂಗಳಾದವರ ಹೊಗಳಿಕೆಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ವಾರಂಟಿಯ ವರ್ಷಗಳು ಹೆಚ್ಚಿದ್ದರೆ ಕಾರು ಗಟ್ಟಿ ಎಂದು ತಿಳಿಯಬಹುದೇ?

ತಿಳಿಯಬಾರದು. ಇದಕ್ಕೆ ನಮ್ಮ ಕಣ್ಣೆದುರಿಗೇ ಒಂದು ಉದಾಹರಣೆಯಿದೆ. 2019ರಲ್ಲಿ ಮಾರುತಿಯ ಬಲೆನೊ ಕಾರನ್ನೇ ಲಾಂಛನ ಬದಲಿಸಿ ಟೊಯೊಟಾ ಗ್ಲಾಂಝಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಟೊಯೊಟಾದ ಕಾರ್ಖಾನೆ ನಮ್ಮ ಬಿಡದಿಯಲ್ಲಿದ್ದರೂ ಈ ಕಾರು ಅಲ್ಲಿ ತಯಾರಾಗುತ್ತಿರಲಿಲ್ಲ. ಬಲೆನೊದಂತೆಯೇ ಗುಜರಾತಿನ ಸುಜುಕಿ ಕಾರ್ಖಾನೆಯಿಂದ ಹೊರಬರುತ್ತಿತ್ತು. ಆದರೆ ಬಲೆನೊಗೆ 2 ವರ್ಷ ಅಥವಾ 40,000 ಕಿಲೋಮೀಟರ್ ವಾರಂಟಿಯಿದ್ದರೆ, ಗ್ಲಾಂಝಾಕ್ಕೆ 3 ವರ್ಷ ಅಥವಾ 1,00,000 ಕಿಲೋಮೀಟರ್ ಇತ್ತು. ಒಂದೇ ಎಂಜಿನ್, ಒಂದೇ ಉಕ್ಕು, ಒಂದೇ ಕೆಲಸಗಾರರ ಕೈ, ಎರಡು ಬೇರೆ ಭರವಸೆ. 2024ರ ಜುಲೈನಲ್ಲಿ ಮಾರುತಿಯೂ ತನ್ನ ವಾರಂಟಿಯನ್ನು 3 ವರ್ಷ, 1,00,000 ಕಿಲೋಮೀಟರಿಗೆ ಏರಿಸಿತು. ಆ ದಿನ ಕಾರುಗಳು ಇದ್ದಕ್ಕಿದ್ದಂತೆ ಗಟ್ಟಿಯಾದವೆಂದಲ್ಲ, ಕಂಪನಿ ಹೊರಲು ಒಪ್ಪಿದ ಹೊಣೆ ಹೆಚ್ಚಿತು, ಅಷ್ಟೆ.

ದೀರ್ಘ ವಾರಂಟಿ ಕೆಲವೊಮ್ಮೆ ಕಳೆದುಹೋದ ಹೆಸರನ್ನು ಮರಳಿ ಗಳಿಸುವ ಪ್ರಯತ್ನವಾಗಿರುತ್ತದೆ. ಹ್ಯುಂಡೈ 1986ರಲ್ಲಿ ಅಮೆರಿಕದಲ್ಲಿ ಎಕ್ಸೆಲ್ ಕಾರನ್ನು 4,995 ಡಾಲರಿಗೆ ಮಾರತೊಡಗಿದಾಗ ಜನ ಮುಗಿಬಿದ್ದರು. ಕೆಲವೇ ವರ್ಷಗಳಲ್ಲಿ ಕಾರು ಬೇಗ ಕೆಡುತ್ತದೆಂಬ ಅಪಖ್ಯಾತಿ ಅದೇ ಹೆಸರಿಗೆ ಅಂಟಿಕೊಂಡಿತು. 1999ರ ಮಾದರಿಗಳಿಂದ ಆ ಕಂಪನಿ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ 10 ವರ್ಷ ಅಥವಾ 1,00,000 ಮೈಲಿಯ ವಾರಂಟಿ ಘೋಷಿಸಿತು. ಕೆಟ್ಟ ಕಾರನ್ನು ತಯಾರಿಸಿ ಹತ್ತು ವರ್ಷ ಪುಕ್ಕಟೆ ರಿಪೇರಿ ಮಾಡಿಕೊಡುವುದು ಯಾವ ಕಂಪನಿಗೂ ಕಟ್ಟುವುದಿಲ್ಲವಾದ್ದರಿಂದ, ಆ ಭರವಸೆಯ ಒತ್ತಡವೇ ಗುಣಮಟ್ಟವನ್ನು ಮೇಲಕ್ಕೆ ಎಳೆಯಿತು ಎಂದು ನಾನು ನಂಬುತ್ತೇನೆ. ಆದರೆ ಸಣ್ಣ ಅಕ್ಷರಗಳನ್ನು ಅಲ್ಲಿಯೂ ಓದಬೇಕಿತ್ತು: ಹತ್ತು ವರ್ಷದ ಮಾತು ಮೊದಲ ಮಾಲೀಕನಿಗೆ ಮಾತ್ರ; ಕಾರು ಕೈ ಬದಲಾದರೆ ಅವಧಿ ಕುಗ್ಗುತ್ತಿತ್ತು.

ಬ್ರ್ಯಾಂಡೇ ಮುಚ್ಚಿಹೋದರೆ ವಾರಂಟಿಯ ಗತಿಯೇನು?

ಅತಿ ಹೆಚ್ಚು ಮಂದಿ ಕೇಳುವ ಪ್ರಶ್ನೆ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮುಚ್ಚುವುದು ಮೂರು ಬಗೆಯದು. ಒಂದು, ಹೆಸರು ಮಾತ್ರ ಹೋಗಿ ಮೂಲ ಕಂಪನಿ ಉಳಿಯುವುದು. ಎರಡು, ಕಂಪನಿಯೇ ದೇಶದಲ್ಲಿ ಮಾರಾಟ ನಿಲ್ಲಿಸುವುದು. ಜನರಲ್ ಮೋಟಾರ್ಸ್ 2017ರಲ್ಲಿ ಶೆವರ್ಲೆ ಕಾರುಗಳ ಮಾರಾಟ ನಿಲ್ಲಿಸಿದ್ದು ಮತ್ತು ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ತಯಾರಿಕೆಗೆ ತೆರೆ ಎಳೆಯುವುದಾಗಿ ಹೇಳಿದ್ದು ಈ ಬಗೆಯವು. ಮೂರು, ಕಂಪನಿ ಚೆನ್ನಾಗಿಯೇ ನಡೆಯುತ್ತಿದ್ದು ನಿಮ್ಮ ಊರಿನ ಡೀಲರ್ ಬಾಗಿಲು ಹಾಕುವುದು. ಪತ್ರಿಕೆಗಳಲ್ಲಿ ಮೊದಲೆರಡು ದೊಡ್ಡ ಸುದ್ದಿಯಾಗುತ್ತವೆ. ಸಣ್ಣ ಊರುಗಳ ಗ್ರಾಹಕರನ್ನು ಹೆಚ್ಚಾಗಿ ಅಲೆದಾಡಿಸುವುದು ಮೂರನೆಯದು.

ಡ್ಯಾಟ್ಸನ್ ಮೊದಲ ಬಗೆಗೆ ಸೇರಿದೆ. ಅದು ನಿಸಾನ್ ಕಂಪನಿಯ ಹಳೆಯ ಹೆಸರು. ಅಗ್ಗದ ಕಾರುಗಳಿಗಾಗಿಯೇ ಅದಕ್ಕೆ ಮರುಜೀವ ಕೊಟ್ಟು, 2014ರ ಮಾರ್ಚ್‌ನಲ್ಲಿ ಗೋ, 2015ರಲ್ಲಿ ಗೋ ಪ್ಲಸ್, 2016ರ ಜೂನ್‌ನಲ್ಲಿ ರೆಡಿ-ಗೋ ಕಾರುಗಳನ್ನು ತಂದರು. 2022ರ ಏಪ್ರಿಲ್‌ನಲ್ಲಿ ಚೆನ್ನೈ ಕಾರ್ಖಾನೆಯಲ್ಲಿ ಕೊನೆಯ ಮಾದರಿಯ ತಯಾರಿಕೆ ನಿಂತಾಗ, ಸರ್ವಿಸ್, ಬಿಡಿಭಾಗ ಮತ್ತು ವಾರಂಟಿಯ ಹೊಣೆಯನ್ನು ದೇಶದ ತನ್ನ ಡೀಲರ್‌ಗಳ ಮೂಲಕ ಮುಂದುವರಿಸುವುದಾಗಿ ನಿಸಾನ್ ಹೇಳಿತು. ವಾರಂಟಿ ಎಂಬುದು ಲಾಂಛನ ಕೊಟ್ಟ ಮಾತಲ್ಲ, ಆ ಲಾಂಛನದ ಹಿಂದಿರುವ ಕಂಪನಿ ಕೊಟ್ಟ ಮಾತು. ಹೆಸರು ತೆಗೆದುಹಾಕಿದ ಮಾತ್ರಕ್ಕೆ ಆ ಹೊಣೆಯಿಂದ ಕೈ ತೊಳೆದುಕೊಳ್ಳಲು ಬರುವುದಿಲ್ಲ.

ಕಾಗದದ ಮೇಲೆ ವಾರಂಟಿ ಉಳಿದರೂ ಬಿಡಿಭಾಗ ಕೈಗೆ ಸಿಗಬೇಕಲ್ಲ? ಇಲ್ಲಿಯೇ ಒಂದು ಸೂಕ್ಷ್ಮವಿದೆ. ರೆಡಿ-ಗೋ ಕಾರಿನ ತಳಹದಿ ಮತ್ತು ಎಂಜಿನ್ ಕ್ವಿಡ್‌ನವೇ. ಅದರ ಅಣ್ಣನಂತಿರುವ ಕ್ವಿಡ್ ಇನ್ನೂ ಮಾರಾಟದಲ್ಲಿರುವುದರಿಂದ, 1.0 ಲೀಟರ್ ಎಂಜಿನ್ನಿನ ರೆಡಿ-ಗೋ ಇಟ್ಟುಕೊಂಡವರಿಗೆ ಯಂತ್ರಭಾಗಗಳ ಚಿಂತೆ ಕಡಿಮೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ನಾನು ನಿಂತಿದ್ದಾಗ ಒಬ್ಬರು ರೆಡಿ-ಗೋ ಕಾರಿನ ಆಯಿಲ್ ಫಿಲ್ಟರ್ ಮತ್ತು ಹೆಡ್‌ಲೈಟ್ ಕೇಳಿದರು. ಅಂಗಡಿಯವರು ಬೆನ್ನು ತಿರುಗಿಸದೆಯೇ ಕೈ ಹಿಂದಕ್ಕೆ ಚಾಚಿ ಫಿಲ್ಟರ್ ತೆಗೆದು ಮೇಜಿನ ಮೇಲಿಟ್ಟು, “ಇದು ಕ್ವಿಡ್‌ದೂ ಒಂದೇ, ತಗೊಳ್ಳಿ” ಎಂದರು. ಹೆಡ್‌ಲೈಟಿನ ಮಾತಿಗೆ ಮಾತ್ರ ಚೀಟಿಯ ಮೇಲೆ ಫೋನ್ ನಂಬರ್ ಬರೆಸಿಕೊಂಡು, ಬಂದರೆ ತಿಳಿಸುತ್ತೇನೆ ಎಂದರು. ಮಾದರಿ ನಿಂತ ಕಾರಿನ ಬದುಕು ಹೆಚ್ಚುಕಡಿಮೆ ಹೀಗೆಯೇ: ಒಳಗಿನದು ಬೇಗ ಸಿಗುತ್ತದೆ, ಹೊರಗಿನ ದೀಪ, ಬಂಪರ್, ಬಾಗಿಲಿನ ತಗಡು ಕಾಯಿಸುತ್ತವೆ.

ಗೋ ಕಾರಿನ ಸ್ಥಿತಿ ಬೇರೆ. ಅದು ನಿಸಾನ್ ಮೈಕ್ರಾ ಕಾರಿನ ಸಂಬಂಧಿ, ಆ ಮೈಕ್ರಾ ಕೂಡ ನಮ್ಮಲ್ಲಿ 2020ರಲ್ಲಿಯೇ ನಿಂತಿತು. ಒಂದೇ ಬ್ರ್ಯಾಂಡಿನ ಎರಡು ಕಾರುಗಳಲ್ಲಿ ಒಂದರ ಬಂಧುಬಳಗ ಬದುಕಿದೆ, ಇನ್ನೊಂದರದು ಇಲ್ಲ. ಅಗ್ಗದ ಕಾರು ಕೊಳ್ಳುವಾಗ ಅದರ ಎಂಜಿನ್ ಮತ್ತು ತಳಹದಿಯನ್ನು ಬೇರೆ ಯಾವ ಕಾರುಗಳು ಹಂಚಿಕೊಂಡಿವೆ, ಅವುಗಳಲ್ಲಿ ಎಷ್ಟು ಚೆನ್ನಾಗಿ ಮಾರಾಟವಾಗುತ್ತಿವೆ ಎಂದು ವಿಚಾರಿಸುವುದು ಮೈಲೇಜ್ ವಿಚಾರಿಸುವುದಕ್ಕಿಂತ ಮುಖ್ಯ.

ಡೀಲರ್ ಬಾಗಿಲು ಹಾಕಿದರೆ?

ಕಂಪನಿಯ ವಾರಂಟಿಯನ್ನು ದೇಶದ ಯಾವುದೇ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಪಡೆಯಬಹುದು. ಆದರೆ ಡೀಲರ್ ತನ್ನದೇ ಹೆಸರಿನಲ್ಲಿ ಮಾರಿದ ವಾರ್ಷಿಕ ಪ್ಯಾಕೇಜು, ಕೋಟಿಂಗ್, ತುಕ್ಕು ನಿರೋಧಕ ಲೇಪನದ ಗ್ಯಾರಂಟಿಗಳು ಅವನೊಂದಿಗೇ ಹೋಗಿಬಿಡುತ್ತವೆ. ಹಣ ಕೊಡುವಾಗ ರಸೀದಿಯ ಮೇಲೆ ಯಾರ ಹೆಸರಿದೆ ಎಂದು ನೋಡಿಕೊಳ್ಳಿ.

ವಾರಂಟಿಯಲ್ಲಿ ಏನೇನು ಸೇರುವುದಿಲ್ಲ?

ಸವೆಯುವುದಕ್ಕೆಂದೇ ಇರುವ ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್ ಬ್ಲೇಡ್, ಬಲ್ಬು, ಫಿಲ್ಟರ್‌ಗಳು ಸಾಮಾನ್ಯವಾಗಿ ಸೇರುವುದಿಲ್ಲ. ಟೈರು ಮತ್ತು ಬ್ಯಾಟರಿಗೆ ಅವುಗಳ ತಯಾರಕರೇ ಬೇರೆ ವಾರಂಟಿ ಕೊಡುತ್ತಾರೆ. ಇಲಿ ಕಡಿದ ವೈರುಗಳಿಗೆ ಕಂಪನಿ ಹೊಣೆಯಲ್ಲ. ಮಳೆಗಾಲದಲ್ಲಿ ಅಂಡರ್‌ಪಾಸ್‌ನ ನೀರಿಗೆ ಕಾರು ಇಳಿಸಿ ಎಂಜಿನ್ನಿಗೆ ನೀರು ನುಗ್ಗಿದರೆ ಅದೂ ವಾರಂಟಿಯ ಹೊರಗಿನ ಮಾತು. ಅದಕ್ಕೆ ವಿಮೆಯಲ್ಲಿ ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚವನ್ನು ಮೊದಲೇ ಕೊಂಡಿರಬೇಕು.

ಎಲ್ಲಕ್ಕಿಂತ ಹೆಚ್ಚು ಜಗಳಕ್ಕೆ ಕಾರಣವಾಗುವುದು ಸಸ್ಪೆನ್ಶನ್. ಹೊಂಡಕ್ಕೆ ಬಿದ್ದು ಹಾಳಾಯಿತೋ, ಭಾಗವೇ ದೋಷಪೂರಿತವಾಗಿತ್ತೋ ಎಂದು ನಿರ್ಧರಿಸುವವರು ಕಂಪನಿಯವರೇ. ರಸ್ತೆ ಕೆಟ್ಟಿದ್ದರೆ ಅದು ಗ್ರಾಹಕನ ತಪ್ಪಲ್ಲ. ಭಾರತದಲ್ಲಿ ಮಾರುವ ಕಾರು ಭಾರತದ ರಸ್ತೆಯನ್ನು ತಡೆದುಕೊಳ್ಳಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊರಗೆ ಪೆಟ್ಟಿನ ಗುರುತಿಲ್ಲದೆ ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರುತ್ತಿದ್ದರೆ ಅದರ ಫೋಟೋ ತೆಗೆದಿಟ್ಟುಕೊಂಡು ಪಟ್ಟು ಹಿಡಿದು ಕೇಳಿ.

ನ್ಯಾಯವಾದ ಕ್ಲೇಮನ್ನೂ ತಳ್ಳಿಹಾಕುತ್ತಾರಂತೆ, ಹೌದೇ?

ಹೌದು, ಹಾಗಾಗುವುದುಂಟು. ಬಹಳಷ್ಟು ಸಲ ಅದರ ಬೀಜ ಇರುವುದು ಜಾಬ್ ಕಾರ್ಡಿನಲ್ಲಿ, ಅಂದರೆ ಕಾರನ್ನು ಸರ್ವಿಸ್‌ಗೆ ಬಿಡುವಾಗ ನಮ್ಮ ದೂರುಗಳನ್ನು ಬರೆದುಕೊಂಡು ಸಹಿ ಪಡೆಯುವ ದಾಖಲೆಯಲ್ಲಿ. ನನ್ನದೇ ಅನುಭವ ಹೇಳುತ್ತೇನೆ. ನನ್ನ ಸಣ್ಣ ಕಾರಿಗೆ ಎರಡು ವರ್ಷ ಎಂಟು ತಿಂಗಳಾಗಿದ್ದಾಗ, ಸ್ಟೀರಿಂಗ್ ಎಡಕ್ಕೆ ತಿರುಗಿಸಿದಾಗಲೆಲ್ಲ ಕೆಳಗಿನಿಂದ ಟಕ್ ಎಂಬ ಸದ್ದು ಬರುತ್ತಿತ್ತು. ಸರ್ವಿಸ್ ಅಡ್ವೈಸರ್ ಗಮನವಿಟ್ಟು ಕೇಳಿಸಿಕೊಂಡರು, ತಲೆದೂಗಿದರು, ಕೈಯಲ್ಲಿದ್ದ ಟ್ಯಾಬ್ಲೆಟ್ಟಿನಲ್ಲಿ “ಜನರಲ್ ಚೆಕಪ್” ಎಂದು ಒತ್ತಿದರು. ನಾನು ನೋಡದೆ ಸಹಿ ಹಾಕಿದೆ. ಸಂಜೆ ಕಾರು ತೊಳೆದು ಕೊಟ್ಟು, ಎಲ್ಲ ಸರಿಯಿದೆ ಎಂದರು. ಮೂರು ವರ್ಷದ ವಾರಂಟಿ ಮುಗಿದ ಎರಡನೆಯ ತಿಂಗಳಿಗೆ ಅದೇ ಸದ್ದು ಹೆಚ್ಚಾಗಿ, ಸ್ಟೀರಿಂಗ್ ರ‍್ಯಾಕ್ ಬದಲಿಸಬೇಕೆಂದು ಅದೇ ಕೇಂದ್ರದವರು ಹೇಳಿದರು. ಮೊದಲೇ ದೂರಿದ್ದೆನಲ್ಲ ಎಂದರೆ, ದಾಖಲೆಯಲ್ಲಿ ಅಂಥ ದೂರು ಇಲ್ಲವೆಂದರು. ಅವರ ಮಾತು ನಿಜವೇ ಆಗಿತ್ತು. ನನ್ನ ಬಾಯಿಮಾತು ಎಲ್ಲಿಯೂ ಬರಹವಾಗಿರಲಿಲ್ಲ. ಪೂರ್ತಿ ಖರ್ಚು ನನ್ನ ಮೇಲೆ ಬಿತ್ತು.

ಅಂದಿನಿಂದ ನಾನು ಜಾಬ್ ಕಾರ್ಡಿನಲ್ಲಿ ನನ್ನ ಮಾತುಗಳಲ್ಲಿಯೇ ದೂರು ಬರೆಯುವ ತನಕ ಬೀಗದ ಕೈ ಕೊಡುವುದಿಲ್ಲ. ಯಾವ ಕಡೆಯಿಂದ ಸದ್ದು, ಎಷ್ಟು ವೇಗದಲ್ಲಿ, ಕಾರು ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಎಂಬುದೆಲ್ಲ ಅದರಲ್ಲಿ ಇರಬೇಕು. ಅದೇ ದಿನ ಕಂಪನಿಯ ಗ್ರಾಹಕ ಸೇವೆಗೆ ಒಂದು ಇಮೇಲ್ ಕಳುಹಿಸಿಟ್ಟರೆ ಇನ್ನೂ ಒಳ್ಳೆಯದು. ವಾರಂಟಿ ಮುಗಿಯುವ ಎರಡು ತಿಂಗಳ ಮೊದಲು ಕಾರನ್ನು ಪೂರ್ತಿ ತಪಾಸಣೆಗೆ ಬಿಟ್ಟು, ಇರುವ ಸಣ್ಣ ಸದ್ದನ್ನೂ ದಾಖಲಿಸಿ.

ಹೊರಗಡೆ ಸರ್ವಿಸ್ ಮಾಡಿಸಿದರೆ ವಾರಂಟಿ ಹೋಗುತ್ತದೆಯೇ?

ವಾರಂಟಿ ಇರುವಷ್ಟು ದಿನ ನಿಗದಿತ ಸರ್ವಿಸ್‌ಗಳನ್ನು ಅಧಿಕೃತ ಕೇಂದ್ರದಲ್ಲಿಯೇ, ಹೇಳಿದ ಅಂತರದೊಳಗೆ ಮಾಡಿಸುವುದು ಸುರಕ್ಷಿತ. ಹೊರಗಿನ ಅಂಗಡಿಯಲ್ಲಿ ವೈರ್ ಕತ್ತರಿಸಿ ಮ್ಯೂಸಿಕ್ ಸಿಸ್ಟಮ್, ಹೆಚ್ಚಿನ ಬೆಳಕಿನ ದೀಪ, ಗ್ಯಾಸ್ ಕಿಟ್ ಹಾಕಿಸಿದರೆ ಮುಂದೆ ವಿದ್ಯುತ್ ಅಥವಾ ಎಂಜಿನ್ ಸಂಬಂಧದ ಯಾವ ಕ್ಲೇಮಿಗೂ ಅದನ್ನೇ ನೆಪವಾಗಿ ತೋರಿಸುತ್ತಾರೆ. ಟ್ಯಾಕ್ಸಿಯಾಗಿ ಓಡಿಸುವವರು ತಮ್ಮ ವಾರಂಟಿಯ ಷರತ್ತು ಬೇರೆ ಇದೆಯೇ ಎಂದು ಕೇಳಿಕೊಳ್ಳಬೇಕು.

ವಿಸ್ತರಿತ ವಾರಂಟಿಗೆ ಹಣ ಕೊಡಬೇಕೇ?

ಐದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವವರು ಮತ್ತು ಆಟೊಮ್ಯಾಟಿಕ್ ಗೇರಿನ ಕಾರು ಕೊಂಡವರು ಕೊಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಗ್ಗದ ಕಾರುಗಳಲ್ಲಿ ಬರುವ ಎಎಂಟಿ ವ್ಯವಸ್ಥೆ ಮೂಲತಃ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಮತ್ತು ಗೇರ್ ಬದಲಿಸುವ ಕೆಲಸವನ್ನು ಅದರ ಮೇಲೆ ಕೂರಿಸಿದ ಯಂತ್ರವೊಂದು ಮಾಡುತ್ತದೆ. ಆ ಯಂತ್ರ ಕೆಟ್ಟರೆ ಬರುವ ಬಿಲ್ಲು ಸಣ್ಣ ಕಾರಿನ ಮಾಲೀಕನನ್ನು ಕಂಗಾಲು ಮಾಡುವಷ್ಟಿರುತ್ತದೆ. ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಮಾತ್ರ ಓಡಿಸುವವರು ಮ್ಯಾನುವಲ್ ಕಾರಿಗೆ ಇದನ್ನು ಬಿಟ್ಟರೂ ನಡೆಯುತ್ತದೆ. ಕೊಳ್ಳುವುದಾದರೆ ಅದು ಕಂಪನಿಯದೋ, ಡೀಲರ್ ಸೇರಿಸಿದ ಬೇರೆ ಸಂಸ್ಥೆಯದೋ ಎಂದು ಕೇಳಿ, ಕಂಪನಿಯದನ್ನೇ ತೆಗೆದುಕೊಳ್ಳಿ.

ರೀಕಾಲ್ ಆದ ಕಾರನ್ನು ನಂಬಬಹುದೇ?

2016ರ ಅಕ್ಟೋಬರ್‌ನಲ್ಲಿ ರೆನೋ ಸುಮಾರು 50,000 ಕ್ವಿಡ್ ಕಾರುಗಳನ್ನು ಇಂಧನ ಕೊಳವೆಯ ತಪಾಸಣೆಗಾಗಿ ವಾಪಸು ಕರೆಯಿತು. ಸುದ್ದಿ ಓದಿದ ಹಲವರು ಕಾರೇ ಕೆಟ್ಟದ್ದೆಂದು ತೀರ್ಮಾನಿಸಿದರು. ನಾನು ಹಾಗೆ ನೋಡುವುದಿಲ್ಲ. ದೋಷವನ್ನು ಒಪ್ಪಿಕೊಂಡು, ಪುಕ್ಕಟೆಯಾಗಿ ಸರಿಪಡಿಸಲು ಕರೆಯುವ ಕಂಪನಿಗಿಂತ, ಗ್ರಾಹಕರು ಒಬ್ಬೊಬ್ಬರಾಗಿ ಬಂದು ಗೋಳಾಡುವ ತನಕ ಸುಮ್ಮನಿರುವ ಕಂಪನಿಯ ಬಗ್ಗೆ ಹೆಚ್ಚು ಭಯಪಡಬೇಕು. ಆಗ ರೀಕಾಲ್ ಕಂಪನಿಯ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ನಂತರ, 2021ರ ಏಪ್ರಿಲ್‌ನಿಂದ, ಸುರಕ್ಷತೆಗೆ ಧಕ್ಕೆ ತರುವ ದೋಷಗಳಿದ್ದರೆ ಸರ್ಕಾರವೇ ರೀಕಾಲ್‌ಗೆ ಆದೇಶಿಸಬಹುದು. ರೀಕಾಲ್ ಕೆಲಸಕ್ಕೆ ವಾರಂಟಿ ಮುಗಿದಿದೆಯೆಂಬ ಕಾರಣ ಕೊಟ್ಟು ಹಣ ಕೇಳಿದರೆ ಕೊಡಬೇಡಿ. ಹಳೆಯ ಕಾರು ಕೊಳ್ಳುವವರು ಚಾಸಿಸ್ ನಂಬರ್ ಕೊಟ್ಟು, ಬಾಕಿಯಿರುವ ರೀಕಾಲ್ ಕೆಲಸವಿದೆಯೇ ಎಂದು ಅಧಿಕೃತ ಕೇಂದ್ರದಲ್ಲಿ ವಿಚಾರಿಸಿಕೊಳ್ಳಲಿ.

ಕಂಪನಿ ಕೈಕೊಟ್ಟರೆ ಎಲ್ಲಿಗೆ ಹೋಗಬೇಕು?

ಮೊದಲ ಹೆಜ್ಜೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಸಂಖ್ಯೆ 1915. ಅಲ್ಲಿ ದೂರು ದಾಖಲಾದ ಮೇಲೆ ಅದುವರೆಗೆ ಮೌನವಾಗಿದ್ದ ಕಂಪನಿಗಳು ಫೋನ್ ಮಾಡುವುದುಂಟು. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕಾರನ್ನು ಬೆಂಗಳೂರಿನಲ್ಲಿ ಕೊಂಡ ರಾಯಚೂರಿನವರು ಅದಕ್ಕಾಗಿ ಬೆಂಗಳೂರಿಗೆ ಬರಬೇಕಾಗಿಲ್ಲ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ವಿಚಾರಣೆ ನಡೆಸುತ್ತದೆ. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ದೂರಿಗೆ ಕಾರಣವಾದ ಘಟನೆಯಿಂದ ಎರಡು ವರ್ಷದೊಳಗೆ ಹೋಗಬೇಕು. ವಕೀಲರಿಲ್ಲದೆಯೂ ವಾದಿಸಬಹುದು. ಪ್ರಯೋಗಾಲಯದ ಪರೀಕ್ಷೆ ಬೇಕಿಲ್ಲದ ದೂರನ್ನು ಮೂರು ತಿಂಗಳಲ್ಲಿ, ಬೇಕಾದುದನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಇನ್ನೂ ತಾಳ್ಮೆ ಬೇಕಾಗಬಹುದು.

ದೋಷವಿದ್ದರೆ ಹೊಸ ಕಾರನ್ನೇ ಕೊಡಿಸುತ್ತಾರೆಯೇ?

ಸುಲಭವಾಗಿ ಇಲ್ಲ. ಮಾರುತಿ ಉದ್ಯೋಗ್ ಪಕ್ಷಗಾರನಾಗಿದ್ದ ಪ್ರಕರಣವೊಂದರಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯ ಷರತ್ತು ದೋಷಪೂರಿತ ಭಾಗವನ್ನು ಬದಲಿಸಿಕೊಡುವುದಕ್ಕೆ ಸಂಬಂಧಿಸಿದೆಯೇ ಹೊರತು ಇಡೀ ಕಾರನ್ನಲ್ಲ ಎಂದು ಹೇಳಿತು. ತಯಾರಿಕೆಯಲ್ಲಿಯೇ ದೋಷವಿತ್ತೆಂದು ವಾದಿಸುವವರು ಅದನ್ನು ತಜ್ಞರ ವರದಿಯಿಂದ ತೋರಿಸಬೇಕಾಗುತ್ತದೆ. ಅದೇ ದೋಷಕ್ಕೆ ನಾಲ್ಕು ಸಲ ಕಾರು ಒಳಹೋಗಿದೆ ಎಂಬ ನಾಲ್ಕು ಜಾಬ್ ಕಾರ್ಡುಗಳು ಅಲ್ಲಿಯೂ ಉಪಯೋಗಕ್ಕೆ ಬರುತ್ತವೆ.

ಹಾಗಾದರೆ ಬುಕ್ ಮಾಡುವ ಮೊದಲು ಏನು ವಿಚಾರಿಸಬೇಕು?

ಶೋರೂಮಿನಿಂದ ಹೊರಬಂದು, ನಿಮ್ಮ ಮನೆಗೆ ಹತ್ತಿರವಿರುವ ಸರ್ವಿಸ್ ಕೇಂದ್ರಕ್ಕೆ ಹೋಗಿ. ಆ ಮಾದರಿಯ ಹೆಡ್‌ಲೈಟ್, ಮುಂದಿನ ಬಂಪರ್, ಕ್ಲಚ್ ಸೆಟ್, ಈ ಮೂರರ ಬೆಲೆಯನ್ನೂ, ಇಂದು ಕೇಳಿದರೆ ಎಷ್ಟು ದಿನಕ್ಕೆ ಬರುತ್ತವೆ ಎಂಬುದನ್ನೂ ಬಿಡಿಭಾಗಗಳ ಕೌಂಟರಿನಲ್ಲಿ ಕೇಳಿ. ಎರಡನೆಯ ಕೇಂದ್ರ ಎಷ್ಟು ದೂರದಲ್ಲಿದೆ ಎಂದು ತಿಳಿದುಕೊಳ್ಳಿ; ಮೊದಲನೆಯದು ಮುಚ್ಚಿದರೆ ನೀವು ಹೋಗಬೇಕಾದ ದಾರಿ ಅದು. ವಾರಂಟಿ ಪುಸ್ತಕವನ್ನು ಮುಂಗಡ ಕೊಡುವ ಮೊದಲೇ ಕೇಳಿ ಪಡೆದು, ಹೊರತುಪಡಿಸಿದ ಭಾಗಗಳ ಪಟ್ಟಿಯನ್ನು ಮನೆಯಲ್ಲಿ ಕುಳಿತು ಓದಿ. ಬಂಪರಿಗೆ ಮೂರು ದಿನ ಎಂದರೆ ಧೈರ್ಯವಾಗಿ ಮುಂದುವರಿಯಬಹುದು. “ಆರ್ಡರ್ ಹಾಕಬೇಕು ಸರ್, ಹೇಳೋಕಾಗಲ್ಲ” ಎಂದರೆ ಐದು ವರ್ಷದ ವಾರಂಟಿ ಇದ್ದರೂ ಆ ಕಾರನ್ನು ನಾನು ಕೊಳ್ಳುವುದಿಲ್ಲ.